ಆಲೂಗಡ್ಡೆ ಜೊತೆ ತಣ್ಣಗಾಗಲು ಹೋದ ಲ್ಯಾಪ್‌ಟಾಪ್

ಬಿಸಿಯಾದದ್ದನ್ನು ಆರಿಸುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹಾಲು, ಸಾರು, ಮುದ್ದೆ, ಗಂಡನ ಸಿಟ್ಟು, ಇಷ್ಟನ್ನೂ ಮದುವೆಯಾದಾಗಿನಿಂದ ದಿನಾ ಆರಿಸಿಕೊಂಡು ಬಂದ ಕೈ ಇದು. ಒಂದು ಲ್ಯಾಪ್‌ಟಾಪ್ ಯಾವ ಲೆಕ್ಕ!

ಇದು ನಡೆದದ್ದು ಎರಡು ಸಾವಿರದ ಎಂಟರಲ್ಲೋ ಒಂಬತ್ತರಲ್ಲೋ ಇರಬೇಕು. ಆಗಿನ್ನೂ ನಾನು ಅಜ್ಜಿಯಾಗಿರಲಿಲ್ಲ, ಬರೀ ಅತ್ತೆ. ಹೊಳೆನರಸೀಪುರದ ನಮ್ಮ ಬೀಗಿತ್ತಿ, ಅಂದರೆ ಸೊಸೆಯ ತಾಯಿ ಕಮಲಮ್ಮ, ಇಷ್ಟು ವರ್ಷವೂ ಈ ಕತೆಯನ್ನು ಮದುವೆಮನೆ, ನಾಮಕರಣ ಅನ್ನದೆ ಹೇಳಿಕೊಂಡು ಬಂದಿದ್ದಾರೆ. ಈಗ ಮೊಮ್ಮಗಳು ನನಗೆ ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿಸಿದ್ದಾಳೆ. ಇನ್ನು ನನ್ನ ಸರದಿ!

ಸೊಸೆ ಸುಧಾ ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಬೆಳಗ್ಗೆ ಹಾಸನದಲ್ಲಿ ಬಸ್ಸು ಹತ್ತಿದರೆ ಮನೆಗೆ ವಾಪಸಾಗುವುದು ಸಂಜೆಯೇ. ಆ ನೂಕುನುಗ್ಗಲಿನಲ್ಲಿ ಯಾಕೆ ಎಂದು ಲ್ಯಾಪ್‌ಟಾಪನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದಳು. ಅದರಲ್ಲೊಂದು ಕಾರು ರೇಸಿನ ಆಟ ಇತ್ತು. "ಬೇಜಾರಾದ್ರೆ ಆಡ್ಕಳಿ ಅತ್ತೆ" ಅಂದಳು ಪಾಪದ ಹುಡುಗಿ. ಆಡಿದೆ. ಅಷ್ಟೇ! ಮಾರನೆಯ ದಿನದಿಂದ ನಮ್ಮ ಮನೆಯಲ್ಲಿ ಮಧ್ಯಾಹ್ನದ ಸಾರಿಗೆ ಒಗ್ಗರಣೆ ಬೀಳುವುದು ನಿಂತುಹೋಯಿತು.

ಮಂಚದ ಮೇಲೆ ಹತ್ತಿ ಹಾಸಿಗೆ, ಹಾಸಿಗೆಯ ಮೇಲೆ ಲ್ಯಾಪ್‌ಟಾಪ್, ಅದರ ಮುಂದೆ ಪದ್ಮಾಸನದಲ್ಲಿ ನಾನು. ಕೆಂಪು ಕಾರು ಸಮುದ್ರದ ಪಕ್ಕದ ರಸ್ತೆಯಲ್ಲಿ ಹೋಗುತ್ತಿದ್ದರೆ ನನಗೆ ಮೈಯೆಲ್ಲ ಜುಂ! ಒಂದೇ ತೊಂದರೆ. ಸ್ವಲ್ಪ ಹೊತ್ತು ಆಡುವಷ್ಟರಲ್ಲಿ ಲ್ಯಾಪ್‌ಟಾಪು ರೊಟ್ಟಿ ಹಂಚಿನ ಹಾಗೆ ಕಾಯುತ್ತಿತ್ತು. ಆಮೇಲೆ ಕಾರು ಓಡುತ್ತಿರಲಿಲ್ಲ, ತೆವಳುತ್ತಿತ್ತು.

ಯುಗಾದಿಗೆ ಬಂದಿದ್ದ ಬೀಗಿತ್ತಿ ಇದನ್ನು ನೋಡಿಬಿಟ್ಟರು. ಅವರ ಮನೆಯಲ್ಲಿ ಸುಧಾ ಓದುವಾಗಿನ ಹಳೆ ಕಂಪ್ಯೂಟರು ಇತ್ತು. ಅದರಲ್ಲಿ ಅವರೂ ಇದೇ ಆಟದಲ್ಲಿ ಕೈ ಪಳಗಿಸಿಕೊಂಡಿದ್ದರು ಅನ್ನುವುದು ನನಗೇನು ಗೊತ್ತು!

"ಅಲ್ಲ ಬೀಗಿತ್ತಿ, ನೀವು ಕಾರು ಓಡುಸ್ತಿದ್ದೀರೋ, ಎಮ್ಮೆ ಹೊಡ್ಕಂಡ್ ಓಯ್ತಿದ್ದೀರೋ?" ಅಂದರು, ಎಲ್ಲರ ಮುಂದೆ.

"ನನ್ ತಪ್ಪಲ್ಲ ಕಣ್ರೀ. ಲ್ಯಾಪ್‌ಟಾಪು ಕಾದು ನಿಧಾನ ಆಗೈತೆ."

"ಕುಣಿಲಾರ್ದೋಳು ನೆಲ ಡೊಂಕು ಅಂದ್ಲಂತೆ!" ಎಂದು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. "ಮುಂದಿನ್ ತಿಂಗ್ಳು ಕಡೇ ಭಾನ್ವಾರ ಊಟಕ್ಕೆ ಬತ್ತೀವಲ್ಲ. ಅಷ್ಟೊತ್ಗೆ ತಣ್ಣಗ್ ಮಾಡಿಟ್ಟಿರಿ. ನಾನೊಂದ್ ಸುತ್ತು, ನೀವೊಂದ್ ಸುತ್ತು. ಯಾರ್ ಮೊದ್ಲು ಅಂತ ನೋಡೇಬುಡಣ!"

ಹೊಸ ಬೀಗರು. ಮದುವೆಯಲ್ಲಿ ವೀಳ್ಯದಿಂದ ಹಿಡಿದು ಪಾಯಸದವರೆಗೆ ಅವರದೇ ಮೇಲುಗೈಯಾಗಿತ್ತು. ಈ ರೇಸಿನಲ್ಲೂ ಸೋತರೆ ನಾನು ನಮ್ಮ ಬೀದಿಯಲ್ಲಿ ತಲೆ ಎತ್ತಿಕೊಂಡು ತರಕಾರಿ ತರುವುದಾದರೂ ಹೇಗೆ?

ತಣ್ಣಗೆ ಮಾಡುವ ಕಾರ್ಯ ಕೂಡಲೇ ಆರಂಭವಾಯಿತು. ನಮ್ಮ ಯಜಮಾನರು ಸರ್ಕಾರಿ ಬಸ್ಸಿನ ಡ್ರೈವರಾಗಿ ನಿವೃತ್ತರಾದವರು. ಕನ್ನಡಕ ಏರಿಸಿಕೊಂಡು ಲ್ಯಾಪ್‌ಟಾಪನ್ನು ಬೋರಲು ಹಾಕಿ ಪರೀಕ್ಷೆ ಮಾಡಿದರು.

"ಇದೂ ಇಂಜಿನ್ನೇ ಕಣೇ. ಘಾಟಿ ಹತ್ತುವಾಗ ಬಸ್ಸು ಕಾಯಾಕಿಲ್ವಾ? ನೀರು ಬೇಕು ಇದಕ್ಕೆ."

"ನೀರುಯ್ಯಾಕೆ ಮುಚ್ಚಳ ಎಲ್ಲೈತ್ರೀ?"

ತುಂಬ ಹೊತ್ತು ಹುಡುಕಿದರು. ಕೊನೆಗೆ ನಿಟ್ಟುಸಿರುಬಿಟ್ಟು, "ಕಂಪ್ನಿಯೋರು ಇಡಾಕೆ ಮರ್ತವ್ರೆ" ಎಂದು ತೀರ್ಪು ಕೊಟ್ಟರು.

ನೀರನ್ನು ಒಳಗೆ ಹಾಕಲಾಗದಿದ್ದರೆ ಕೆಳಗೆ ಇಡಬಹುದಲ್ಲ! ಅಡುಗೆಮನೆಯ ಮೂಲೆಯಲ್ಲಿ ಕುಡಿಯುವ ನೀರಿನ ಮಡಕೆ ಇತ್ತು. ಅದರ ಬಾಯಿಗೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಎದುರಿಗೆ ಸ್ಟೂಲು ಹಾಕಿಕೊಂಡು ಕುಳಿತೆ. ಏನು ತಂಪು! ಏನು ಓಟ! ಆದರೆ ನನಗೊಂದು ಅಭ್ಯಾಸವಿದೆ. ಕಾರು ಬಲಕ್ಕೆ ತಿರುಗಿದರೆ ನಾನೂ ಬಲಕ್ಕೆ ವಾಲುತ್ತೇನೆ. ನಾನು ವಾಲಿದೆ. ನನ್ನ ಮೊಣಕಾಲು ತಾಗಿ ಮಡಕೆಯೂ ವಾಲಿತು. ಯಜಮಾನರು ಓಡಿಬಂದು ಲ್ಯಾಪ್‌ಟಾಪನ್ನು ಗಾಳಿಯಲ್ಲೇ ಹಿಡಿದರು. ಮಡಕೆಯನ್ನು ಹಿಡಿಯಲು ಯಾರೂ ಇರಲಿಲ್ಲ!

ಮಾರನೆಯ ದಿನ ಗಾಳಿ ಚಿಕಿತ್ಸೆ. ಬೇಸಿಗೆಯ ಮಧ್ಯಾಹ್ನ, ಕರೆಂಟು ಇಲ್ಲ. ಯಜಮಾನರ ಕೈಗೆ ಬಿದಿರಿನ ಬೀಸಣಿಗೆ ಕೊಟ್ಟು ಪಕ್ಕದಲ್ಲಿ ನಿಲ್ಲಿಸಿದೆ. ಉತ್ಸವದ ದೇವರಿಗೆ ಚಾಮರ ಬೀಸುವವರ ಹಾಗೆ ಶ್ರದ್ಧೆಯಿಂದ ಬೀಸಿದರು. ಕೆಂಪು ಕಾರು ಎಲ್ಲರನ್ನೂ ಹಿಂದೆ ಹಾಕಿ ಗೆಲ್ಲುವ ಗೆರೆಯ ಹತ್ತಿರ ಬಂದೇಬಿಟ್ಟಿತು. ಅಷ್ಟರಲ್ಲಿ ಇವರಿಗೆ ತೂಕಡಿಕೆ ಬಂತು. ಬೀಸಣಿಗೆಯ ಅಂಚು ಯಾವುದೋ ಗುಂಡಿಯ ಮೇಲೆ ಕೂತಿತು. ಕಾರು ಅಷ್ಟೇ ವೇಗದಲ್ಲಿ ಹಿಂದಕ್ಕೆ ಓಡಿತು!

"ರಿವರ್ಸು ಚೆನ್ನಾಗ್ ತಗಂತೈತೆ ಕಣೇ ಗಾಡಿ" ಅಂದರು, ಎಚ್ಚರವಾದ ಮೇಲೆ.

ಹೀಗೇ ದಿನ ಕಳೆದು ಬೀಗಿತ್ತಿ ಬರುವ ಹಿಂದಿನ ದಿನ ಬಂತು. ಲ್ಯಾಪ್‌ಟಾಪು ಮೊದಲಿನಂತೆಯೇ ಸುಡುತ್ತಿತ್ತು. ಆಗ ನನಗೆ ಜ್ಞಾನೋದಯವಾಯಿತು. ನನ್ನ ತಮ್ಮ ಚಂದ್ರ ಹಾಸನದಲ್ಲೇ ಒಂದು ಕೋಲ್ಡ್ ಸ್ಟೋರೇಜಿನ ಮೇನೇಜರು. ಬಿತ್ತನೆ ಆಲೂಗಡ್ಡೆ ತಿಂಗಳುಗಟ್ಟಲೆ ಬಾಡದೆ, ಬೆವರದೆ, ಸುಖವಾಗಿ ಮಲಗುವ ಜಾಗ ಅದು. ಇಡೀ ಜಿಲ್ಲೆಯಲ್ಲಿ ಅದಕ್ಕಿಂತ ತಂಪಾದ ಜಾಗ ಇನ್ನೆಲ್ಲಿದೆ!

"ಅಕ್ಕ, ಇದು ಆಲೂಗಡ್ಡೆ ಇಡೋ ಜಾಗ ಕಣಕ್ಕ" ಎಂದ ಚಂದ್ರ.

"ಆಲೂಗಡ್ಡೆ ತಿಂಗ್ಳಾನುಗಟ್ಲೆ ಕೆಡ್ದಂಗ್ ಇರ್ತದೆ. ಇದು ಒಂದ್ ಗಳಿಗೆ ಇರಾಕಿಲ್ವೇನ್ಲಾ?"

"ಯಾರಾರ ನೋಡುದ್ರೆ ಏನಂದ್ಕಂಡಾರು?"

"ಯಾರ್ಗೂ ಕಾಣ್ದಂಗೆ ಮಾಡ್ತೀನಿ, ಸುಮ್ಕಿರು."

ಮಾಡಿದೆ. ಲ್ಯಾಪ್‌ಟಾಪನ್ನು ಯಜಮಾನರ ಟವೆಲಿನಲ್ಲಿ ಸುತ್ತಿ, ಅರ್ಧ ತುಂಬಿದ್ದ ಒಂದು ಗೋಣಿಚೀಲದೊಳಗೆ ಇಳಿಸಿ, ಮೇಲೆ ಬಾಯಿಮಟ್ಟ ಆಲೂಗಡ್ಡೆ ಸುರಿದೆ. ಅಷ್ಟಕ್ಕೇ ಬಿಡುವವಳಲ್ಲ ನಾನು. ದಬ್ಬಳ ತೆಗೆದುಕೊಂಡು ಚೀಲದ ಬಾಯನ್ನು ಹೊಲಿದೂಬಿಟ್ಟೆ. ನನ್ನ ಕೆಲಸ ಯಾವತ್ತೂ ಅಚ್ಚುಕಟ್ಟು!

ತಣ್ಣನೆಯ ಕೋಣೆಯಲ್ಲಿ ಬಾಗಿಲ ಪಕ್ಕದ ಸಾಲಿನಲ್ಲಿ ಚೀಲವನ್ನು ಇಟ್ಟು, ಆಫೀಸಿನಲ್ಲಿ ಟೀ ಕುಡಿಯುತ್ತ ಕೂತೆ. ಬೀಗಿತ್ತಿಯ ಮುಖ ನಾಳೆ ಹೇಗೆ ಸಪ್ಪಗಾಗುತ್ತದೆ ಎಂದು ಚಂದ್ರನಿಗೆ ಅಭಿನಯ ಮಾಡಿ ತೋರಿಸಿದೆ. ಅವನು ನಕ್ಕ. ಯಜಮಾನರು ನಕ್ಕರು. ಇನ್ನೊಂದು ಟೀ ಬಂತು. ವಾಪಸು ಹೋಗಿ ನೋಡಿದರೆ ಬಾಗಿಲ ಪಕ್ಕದ ಸಾಲೇ ಇಲ್ಲ!

"ಆ ಸಾಲಾ?" ಎಂದ ಚೀಲ ಹೊರುವವನು. "ಈಗ್ ತಾನೆ ಕಟ್ಟಾಯದ ರೈತ್ರ ಮನೇಗೆ ಲೋಡಾಯ್ತಲ್ಲ ಅಮ್ಮಾ. ಬಾಯಿ ಹೊಲ್ದಿತ್ತಲ್ಲ, ರೆಡಿ ಐತೆ ಅಂದ್ಕಂಡ್ವಿ."

ಚಂದ್ರ ತಲೆಮೇಲೆ ಕೈ ಇಟ್ಟುಕೊಂಡು ಸ್ಕೂಟರಿನ ಕೀ ಎಸೆದ. ಯಜಮಾನರು ಓಡಿಸಿದರು, ನಾನು ಹಿಂದೆ ಕೂತೆ. ಆಲೂಗಡ್ಡೆಯ ಟೆಂಪೋ ಮುಂದೆ, ನಾವು ಹಿಂದೆ. ಜೀವನದಲ್ಲಿ ಮೊದಲ ಸಲ ನಿಜವಾದ ರೇಸು! ಸೆರಗು ಬಾವುಟದ ಹಾಗೆ ಹಾರುತ್ತಿದೆ. ಇದ್ದಕ್ಕಿದ್ದ ಹಾಗೆ ಸ್ಕೂಟರು ನಿಂತಿತು.

"ಯಾಕ್ರೀ, ಏನಾಯ್ತು?"

"ಸ್ಟಾಪು ಕಣೇ."

"ಯಾವ ಸ್ಟಾಪು?"

"ಬಸ್ ಸ್ಟಾಪು."

ಸರ್ವೀಸು ಮುಗಿದರೂ ಕಾಲು ಮರೆತಿರಲಿಲ್ಲ. ದಾರಿಯಲ್ಲಿ ಸ್ಟಾಪು ಕಂಡಾಗಲೆಲ್ಲ ಅದು ತಾನಾಗಿಯೇ ಬ್ರೇಕು ಒತ್ತುತ್ತಿತ್ತು. ಬೈದರೆ ಪ್ರಯೋಜನವಿಲ್ಲವೆಂದು ಕೊನೆಗೆ ಅವರ ಭಾಷೆಯಲ್ಲೇ ಕೂಗಿದೆ. "ಯಾರೂ ಹತ್ತಾಕಿಲ್ಲ, ಯಾರೂ ಇಳಿಯಾಕಿಲ್ಲ. ರೈಟ್! ರೈಟ್!" ತಕ್ಷಣ ಗಾಡಿ ಹೊರಟಿತು. ಕಟ್ಟಾಯ ಬರುವವರೆಗೂ ನಾನು ಕಂಡಕ್ಟರು!

ಅಲ್ಲಿ ಒಬ್ಬ ರೈತರ ಮನೆಯ ಮುಂದೆ ಟೆಂಪೋ ಖಾಲಿಯಾಗಿ ನಿಂತಿತ್ತು. ಹೊಂಗೆ ಮರದ ನೆರಳಲ್ಲಿ ಹೆಂಗಸರು ಸಾಲಾಗಿ ಕೂತು, ಬಿತ್ತನೆಗೆ ಆಲೂಗಡ್ಡೆಯನ್ನು ಮೊಳಕೆಯ ಕಣ್ಣು ನೋಡಿ ಹೋಳು ಮಾಡುತ್ತಿದ್ದರು. ನಾವು ಇಳಿಯುವಷ್ಟರಲ್ಲಿ ಒಬ್ಬಾಕೆ ಚೀಲದಿಂದ ನನ್ನ ಟವೆಲು ಗಂಟನ್ನು ಎಳೆದು ಬಿಚ್ಚಿದಳು.

"ಇದ್ಯಾವ ತಳಿ ಸಿವಾ! ಕರ್ರಗೆ, ಚಪ್ಪಟೆಗೈತೆ!"

ಇನ್ನೊಬ್ಬಳು ಕುಡುಗೋಲು ಹಿಡಿದುಕೊಂಡೇ ಬಗ್ಗಿ ನೋಡಿದಳು. "ಒಂದು ಕಣ್ಣೂ ಇಲ್ವಲ್ಲೇ ಇದಕ್ಕೆ. ಎಲ್ಲಿಗ್ ಕುಯ್ಯದು?"

"ಕುಯ್ಬೇಡಿ! ಕುಯ್ಬೇಡಿ ಕಣ್ರವ್ವಾ!" ಎಂದು ಕೂಗಿಕೊಂಡು ಆಲೂಗಡ್ಡೆ ರಾಶಿಯ ಮೇಲೆಯೇ ಓಡಿದೆ. ಜಾರಿದೆ. ಲ್ಯಾಪ್‌ಟಾಪಿನ ಪಕ್ಕದಲ್ಲೇ ಹೋಗಿ ಕೂತೆ.

ಮನೆಯ ಯಜಮಾನ, ವಯಸ್ಸಾದ ಗೌಡರು, ಜಗುಲಿಯಿಂದ ಎದ್ದು ಬಂದರು. "ಯಾರ್ದಮ್ಮಾ ಇದು?"

"ನಮ್ ಸೊಸೇದು."

ಗೌಡರು ಲ್ಯಾಪ್‌ಟಾಪ್ ನೋಡಿದರು, ಹೊಲಿಗೆ ಹಾಕಿದ್ದ ಚೀಲ ನೋಡಿದರು, ನನ್ನನ್ನು ನೋಡಿದರು. "ನೋಡಮ್ಮಾ, ಸೊಸೆ ಮೇಲೆ ಸಿಟ್ಟಿದ್ರೆ ಬಾಯಲ್ಲಿ ಅನ್ಬೇಕು. ಅವಳ ಸಾಮಾನ ಚೀಲದಾಗೆ ಹೊಲ್ದು ಊರಾಚೆ ಸಾಗಾಕದು ದೊಡ್ಡೋರ ಲಕ್ಷಣ ಅಲ್ಲ."

ಹೆಂಗಸರೆಲ್ಲ ಹೌದೌದು ಅಂದರು. ಕಾರು ರೇಸಿನಲ್ಲಿ ಬೀಗಿತ್ತಿಯನ್ನು ಸೋಲಿಸಲು ಎಂದರೆ ಇನ್ನೂ ಕೇಡು! ತಲೆ ತಗ್ಗಿಸಿ, "ಇನ್ಮೇಲ್ ಅಂಗ್ ಮಾಡಲ್ಲ ಗೌಡ್ರೇ" ಅಂದೆ.

ಬಿಸಿಲಿಗೆ ಬಂದ ಲ್ಯಾಪ್‌ಟಾಪು ಐಸು ಹಾಕಿದ ಪಾನಕದ ಲೋಟದ ಹಾಗೆ ಮೈಯೆಲ್ಲ ಬೆವರಿತು. ಮನೆಗೆ ತಂದು ಗುಂಡಿ ಒತ್ತಿದರೆ ಒಂದು ಮಾತಿಲ್ಲ, ಒಂದು ಬೆಳಕಿಲ್ಲ. ತಣ್ಣಗಂತೂ ಆಗಿತ್ತು. ಹೆಣ ತಣ್ಣಗಾಗುವ ಹಾಗೆ!

"ಪಸೆ ಹೋಗ್ಬೇಕು ಕಣೇ, ಅಷ್ಟೇ" ಅಂದರು ಯಜಮಾನರು. ಪಸೆ ಹೀರಲು ರಾಗಿಯನ್ನು ಮೀರಿಸಿದ್ದು ಯಾವುದಿದೆ? ಲ್ಯಾಪ್‌ಟಾಪನ್ನು ರಾಗಿ ಡಬ್ಬದೊಳಗೆ ಹೂತು ಮುಚ್ಚಳ ಹಾಕಿದೆ. ಸಂಜೆ ಸುಧಾ ಬಂದು, "ಲ್ಯಾಪ್‌ಟಾಪ್ ಎಲ್ಲಿ ಅತ್ತೆ?" ಅಂದಳು.

"ಮಲಗೈತೆ ಕಣವ್ವಾ, ಎಬ್ಬುಸ್ಬೇಡ" ಅಂದೆ. ಸುಳ್ಳಲ್ಲವಲ್ಲ!

ಭಾನುವಾರ ಬೆಳಗ್ಗೆ ಹೊರಗೆ ತೆಗೆದೆ. ಪಸೆ ಹೋಗಿತ್ತು. ಆದರೆ ಅಲ್ಲಾಡಿಸಿದರೆ ಒಳಗಿನಿಂದ ಜಲ್ ಜಲ್ ಎಂದು ಗೆಜ್ಜೆಯ ಸದ್ದು. ಗಾಳಿಯಾಡಲು ಬಿಟ್ಟಿದ್ದ ಕಿಂಡಿಗಳಲ್ಲೆಲ್ಲ ರಾಗಿ ನುಗ್ಗಿತ್ತು! ಅದನ್ನು ಬೋರಲು ಹಿಡಿದು ನಾನು ಕುಣಿಸುತ್ತಿರುವಾಗಲೇ ಬಾಗಿಲಲ್ಲಿ ಆಟೋ ನಿಂತಿತು. ಎದುರಿಗೆ ಬೀಗಿತ್ತಿ. ಹಿಂದೆ ಸೊಸೆ.

"ಅತ್ತೇ!" ಎಂದಳು ಸುಧಾ. ಆಮೇಲೆ ಮೂಗು ಅರಳಿಸಿ, "ಇದ್ರಲ್ಲಿ ಆಲೂಗಡ್ಡೆ ವಾಸ್ನೆ ಯಾಕ್ ಬತ್ತೈತೆ?"

ಎಲ್ಲ ಹೇಳಲೇಬೇಕಾಯಿತು. ಹೇಳಿ ಮುಗಿಸುವಾಗ ನನಗೆ ರೇಸೂ ಬೇಡ, ಗೆಲುವೂ ಬೇಡ ಅನ್ನಿಸಿಬಿಟ್ಟಿತ್ತು. ಹೊಸ ಬೀಗರ ಎದುರಿಗೆ ಅವರ ಮಗಳ ವಸ್ತುವನ್ನು ಕೊಂದು ಕೈಯಲ್ಲಿ ಹಿಡಿದು ನಿಂತಿದ್ದೆನಲ್ಲ!

ಬೀಗಿತ್ತಿ ನಗಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಸೆರಗು ಸಿಕ್ಕಿಸಿಕೊಂಡು, "ಸಣ್ಣದೊಂದ್ ಸ್ಕ್ರೂಡ್ರೈವರ್ ಕೊಡಿ, ಹಳೇ ಹಲ್ಲುಜ್ಜೋ ಬ್ರಶ್ ಕೊಡಿ" ಅಂದರು. ಸುಧಾ ಬ್ಯಾಟರಿ ತೆಗೆದುಕೊಟ್ಟಳು. ಬೀಗಿತ್ತಿ ಅಡಿಯ ಮುಚ್ಚಳ ಬಿಚ್ಚಿದರು. ರಾಗಿ ಸುರಿಯಿತು, ಸುರಿಯಿತು, ಒಂದು ಸಣ್ಣ ಮುದ್ದೆಗೆ ಆಗುವಷ್ಟು! ಆಮೇಲೆ ಒಳಗಿನ ಪುಟ್ಟ ಫ್ಯಾನಿನ ಸಂದಿಯಿಂದ ಬೂದು ಬಣ್ಣದ ಒಂದು ಉಂಡೆಯನ್ನು ಎಳೆದರು.

"ಇದೇನ್ ಬೀಗಿತ್ತಿ, ಹಾಸ್ಗೆ ಬಿಚ್ಚಿ ಇದರೊಳಿಕ್ ತುಂಬಿದ್ದೀರಾ?"

ಹತ್ತಿ! ಅಷ್ಟು ದಿನ ನನ್ನ ಹಾಸಿಗೆ ಉದುರಿಸಿದ ಹತ್ತಿ!

"ಹಾಸ್ಗೆ ಮೇಲಿಟ್ಕಂಡ್ರೆ ಇದು ಉಸುರಾಡದೆಲ್ಲಿಂದ ಕಣ್ರೀ? ಅದಕ್ಕೇ ಕಾಯ್ತಿತ್ತು."

"ನಿಮಗೆಂಗ್ ಗೊತ್ತು ಇದೆಲ್ಲ?"

"ನಮ್ಮನೇ ಕಂಪ್ಯೂಟ್ರೊಳಿಕೆ ಹಲ್ಲಿ ಸೇರ್ಕಂಡಿತ್ತು. ಅದನ್ನ ಓಡ್ಸಕೋಗಿ ಬಿಚ್ಚದ ಕಲ್ತೆ."

ಮುಚ್ಚಳ ಹಾಕಿ, ಚಪಾತಿ ಮಣೆ ಕೇಳಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು ಗುಂಡಿ ಒತ್ತಿದರು. ಟಿಣ್ ಎಂದಿತು. ಬೆಳಕು ಬಂತು! ಸುಧಾ ಚಪ್ಪಾಳೆ ತಟ್ಟಿದಳು. ಯಜಮಾನರು "ರೈಟ್!" ಅಂದರು. ಹೋದ ಜೀವ ನನಗೂ ವಾಪಸು ಬಂತು, ಜೊತೆಗೆ ಜಂಬವೂ ಬಂತು. ಮುಟ್ಟಿ ನೋಡಿದೆ. ತಣ್ಣಗೆ! ಇನ್ನು ನನ್ನನ್ನು ಹಿಡಿಯುವವರು ಯಾರು?

ಮೊದಲು ಬೀಗಿತ್ತಿ ಓಡಿಸಿದರು. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೋಗಿ ಗೆರೆ ಮುಟ್ಟಿದರು. ಆಮೇಲೆ ನಾನು ಕೂತೆ. ದೇವರಿಗೆ ಕೈ ಮುಗಿದು ಗುಂಡಿ ಒತ್ತಿದೆ.

ಕೆಂಪು ಕಾರು ಹೋದ ವೇಗಕ್ಕೆ ನಾನು ಬೆಚ್ಚಿಬಿದ್ದೆ! ಕಾದ ಲ್ಯಾಪ್‌ಟಾಪಿನಲ್ಲಿ ತಿರುವು ಬರುತ್ತದೆ ಎಂದು ಕಂಡ ಮೇಲೆ ಯೋಚನೆ ಮಾಡಿ, ವಾಲಿ, ಆಮೇಲೆ ಬೆರಳು ಒತ್ತಿದರೂ ಸಾಕಷ್ಟು ಸಮಯವಿರುತ್ತಿತ್ತು. ಇಲ್ಲಿ ನಾನು ವಾಲುವಷ್ಟರಲ್ಲಿ ಕಾರು ಸಮುದ್ರದಲ್ಲಿತ್ತು. ಇನ್ನೊಂದು ಸಲ ಓಡಿಸಿದೆ, ಮತ್ತೆ ಸಮುದ್ರ. ಮಗದೊಂದು ಸಲಕ್ಕೆ ಕಾರು ಸಮುದ್ರವನ್ನು ಬಿಟ್ಟು ಬೆಟ್ಟಕ್ಕೆ ಗುದ್ದಿತು. ಅದೊಂದೇ ಪ್ರಗತಿ!

"ಈಗೇನ್ ಬೀಗಿತ್ತಿ, ಇನ್ನೂ ಬಿಸಿ ಐತಾ?" ಎಂದರು ಕಮಲಮ್ಮ, ತುಂಬ ಮರ್ಯಾದೆಯಿಂದ.

ನೀರು ಕುಡಿಯುವ ನೆಪದಲ್ಲಿ ಎದ್ದು, ಯಜಮಾನರನ್ನು ಅಡುಗೆಮನೆಗೆ ಕರೆದು ಕಿವಿಯಲ್ಲಿ ಹೇಳಿದೆ.

"ರೀ, ಇನ್ನೊಂದ್ ಪಂದ್ಯ ಕೇಳ್ತೀನಿ. ಅವ್ರು ಊಟಕ್ ಕೂತಾಗ ಇದನ್ನ ಒಸಿ ತಾರ್ಸಿ ಮೇಲೆ ಬಿಸ್ಲಿಗಿಟ್ ಬನ್ನಿ. ಯಾಕೋ ಬಾಳ ತಣ್ಣಗಾಗ್ಬುಟ್ಟೈತೆ!"