ಹುಣಸೇಹಣ್ಣು ಹಾಕಿ ಹೊಗೆ ತೊಳೆದದ್ದು

ಕಾರಿನ ಹೊಗೆ ಪರೀಕ್ಷೆಯಲ್ಲೂ ಜನ ಹೇಗೆ ಎಡವುತ್ತಾರೆ ಎಂಬುದು ನನಗೆ ಅಂದಿನವರೆಗೆ ಅರ್ಥವಾಗಿರಲಿಲ್ಲ. ನಡೆದದ್ದನ್ನು ಏನೂ ಸೇರಿಸದೆ, ಏನೂ ಬಿಡದೆ ಹೇಳುತ್ತೇನೆ.

ಮಗಳು ಮೇಘಳ ಮದುವೆಯಲ್ಲಿ ನನಗಿದ್ದದ್ದು ಒಂದೇ ಆಸೆ. ಛತ್ರದಿಂದ ಮದುಮಕ್ಕಳನ್ನು ನನ್ನ ಹಳೇ ಕಾರಿನಲ್ಲಿ, ನಾನೇ ಓಡಿಸಿಕೊಂಡು ಹೋಗಿ ಬಿಟ್ಟುಬರಬೇಕು. ಹುಡುಗನ ತಂದೆ, ಮೂಡಲಪಾಳ್ಯದ ನಂಜುಂಡಯ್ಯನವರು ಒಪ್ಪಿದರು. ಜೊತೆಗೊಂದು ಷರತ್ತು ಇಟ್ಟರು.

"ಎಮಿಷನ್ ಆಗಿರ್ಬೇಕು ಬೀಗರೇ. ಗಾಜಿಗೆ ಸ್ಟಿಕ್ಕರ್ ಇರ್ಬೇಕು. ಟೆಸ್ಟ್ ದಿನ ನಾನೂ ಬರ್ತೀನಿ."

ಮೊದಲು ಪೆಟ್ರೋಲ್ ಕಾರೆಂದು ಸಾರುವ ತಿಳಿನೀಲಿ ಸ್ಟಿಕ್ಕರನ್ನು ತರಿಸಿ, ಎಲ್ಲರಿಗೂ ಚೆನ್ನಾಗಿ ಕಾಣಲೆಂದು, ಸ್ಟಿಯರಿಂಗಿನ ನೇರಕ್ಕೇ ಭಕ್ತಿಯಿಂದ ಅಂಟಿಸಿದೆ. ಹೆಂಡತಿ ಸರೋಜ ಬಂದು ನೋಡಿದಳು.

"ರೀ, ಅದು ಎಡಗಡೆ ಮೂಲೆಗಲ್ವಾ? ರಸ್ತೆ ಹೆಂಗ್ರೀ ಕಾಣುತ್ತೆ?"

"ಪಕ್ಕದಿಂದ ಕಾಣುತ್ತೆ ಕಣೇ."

ಕಿತ್ತರೆ ಚಿಂದಿಯಾಗುವ ಸ್ಟಿಕ್ಕರ್ ಅದು. ಆದ್ದರಿಂದ ಮುಟ್ಟಲಿಲ್ಲ.

ಉಳಿದದ್ದು ಹೊಗೆ. ಹೊಗೆ ಬರುವುದು ಕಾರಿನ ಹಿಂದಿನ ಕೊಳವೆಯಿಂದ. ಕೊಳವೆ ಫಳಫಳ ಅಂದರೆ ಹೊಗೆಯೂ ಶುದ್ಧ! ಸರೋಜ ಹಿತ್ತಾಳೆ ದೀಪ ಬೆಳಗುವ ವಿಧಾನದಲ್ಲೇ ಹುಣಸೇಹಣ್ಣು, ತೆಂಗಿನ ನಾರು ಹಿಡಿದು ಉಜ್ಜಿದೆ. ಹೊರಗೆ ಚಿನ್ನದಂತಾಯಿತು. ಒಳಗನ್ನೂ ಬಿಡಬಾರದೆಂದು ನಾರಿನ ಉಂಡೆಯನ್ನು ಕೋಲಿಗೆ ಸಿಕ್ಕಿಸಿ ತಳ್ಳಿದೆ. ಕೋಲು ವಾಪಸ್ ಬಂತು. ಉಂಡೆ ಬರಲಿಲ್ಲ!

"ಈಗೇನ್ರೀ ಮಾಡೋದು?" ಎಂದಳು ಸರೋಜ.

"ಇರ್ಲಿ ಬಿಡು. ಕಾಫಿ ಫಿಲ್ಟರ್ ಇದ್ದ ಹಾಗೆ. ಹೊಗೆ ಸೋಸಿಕೊಂಡು ಬರುತ್ತೆ."

ಮಾರನೆಯ ಬೆಳಿಗ್ಗೆ ಮೂಡಲಪಾಳ್ಯಕ್ಕೆ ಹೋಗಿ, ಗಂಜಿ ಹಾಕಿದ ಬಿಳಿ ಪಂಚೆಯಲ್ಲಿದ್ದ ಬೀಗರನ್ನು ಹತ್ತಿಸಿಕೊಂಡೆ. ಕಾರು ದಾರಿಯುದ್ದಕ್ಕೂ ಕೆಮ್ಮುತ್ತಿತ್ತು. ಸ್ಟಿಕ್ಕರಿನ ಆಚೆ ಈಚೆ ಇಣುಕಲು ನಾನು ಕೋಳಿಯಂತೆ ಕತ್ತು ಚಾಚುತ್ತಿದ್ದೆ.

"ಕತ್ತು ಉಳುಕಿದ್ಯಾ ಬೀಗರೇ?"

"ಇಲ್ಲ, ಅಭ್ಯಾಸ."

ವಿಜಯನಗರದ ಬಂಕಿನಲ್ಲಿ ಪರೀಕ್ಷೆ ಮಾಡುವಾತ ಹೊಗೆ ಅಳೆಯುವ ಕಡ್ಡಿ ಹಿಡಿದು ಬಂದ. ಬೀಗರು ಎಲ್ಲವನ್ನೂ ಕಣ್ಣಾರೆ ನೋಡಬೇಕೆಂದು ಇಳಿದು ಕಾರಿನ ಹಿಂದೆ ಕೈಕಟ್ಟಿ ನಿಂತರು. ನಾನು ಎಂಜಿನ್ ಚಾಲೂ ಮಾಡಿದೆ. ಆಫ್ ಆಯಿತು. ಮತ್ತೆ ಮಾಡಿದೆ. ಮತ್ತೆ ಆಫ್!

"ಸಾರ್, ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿ," ಎಂದ ಆತ. ಒತ್ತಿದೆ. "ಇನ್ನೂ ಒತ್ತಿ ಸಾರ್."

ಇದ್ದಬದ್ದ ಬಲವನ್ನೆಲ್ಲ ಪಾದಕ್ಕೆ ತಂದೆ.

ಢಂ!

ಬಂಕಿನ ಪಾರಿವಾಳಗಳೆಲ್ಲ ಹಾರಿದವು. ನಾರಿನ ಉಂಡೆ ಹುಣಸೆ ರಸ, ಮಸಿ ಸಮೇತ ಹೊರಟು ಬೀಗರ ಪಂಚೆಗೆ ಬಡಿಯಿತು. ಪಂಚೆಯ ಯಾವ ಭಾಗಕ್ಕೆಂದು ಹೇಳಲು ಸಂಕೋಚ. ಎರಡೂ ಕೈಯಿಂದ ಮುಚ್ಚಿಕೊಂಡರು ಎಂದಷ್ಟೇ ಹೇಳಬಲ್ಲೆ.

"ಏನ್ರೀ ಇದು?!"

"ಫಿಲ್ಟರ್," ಎಂದೆ.

ವಿಚಿತ್ರವೆಂದರೆ, ಗಂಟಲಲ್ಲಿದ್ದ ಉಂಡೆ ಕಕ್ಕಿದ ಕಾರು ಪರೀಕ್ಷೆಯಲ್ಲಿ ಪಾಸಾಯಿತು! ಸರ್ಟಿಫಿಕೇಟನ್ನು ಎರಡು ಕೈಯಲ್ಲಿ ಹಿಡಿದು ಬೀಗರ ಮುಂದೆ ನಿಂತೆ. ಅವರು ಪೂರ್ತಿ ಓದಿದರು.

"ಕಾಗದ ಸರಿಯಾಗಿದೆ," ಎಂದರು. "ಪಂಚೆ ಸರಿಯಿಲ್ಲ." ಅಷ್ಟೇ. ಆಟೋ ಹತ್ತಿ ಹೋದರು.

ಮದುವೆಯ ದಿನ ಮದುಮಕ್ಕಳು ಬೀಗರ ತಮ್ಮನ ಕಾರಿನಲ್ಲಿ ಹೋದರು. ನನ್ನ ಕಾರಿಗೂ ಹೂವಿನ ಹಾರ ಬಿತ್ತು; ಛತ್ರದಲ್ಲಿ ಉಳಿದ ತರಕಾರಿಯನ್ನು ಬೀಗರೂಟಕ್ಕೆ ಸಾಗಿಸುವ ಜವಾಬ್ದಾರಿಯೂ ಬಿತ್ತು. ಹಿಂದಿನ ಸೀಟಿನಲ್ಲಿ ಮದುಮಗಳು ಕೂರಬೇಕಿದ್ದ ಜಾಗದಲ್ಲಿ ದೊಡ್ಡದೊಂದು ಕುಂಬಳಕಾಯಿ. ಅದಕ್ಕೆ ಸೀಟ್ ಬೆಲ್ಟ್ ಹಾಕಿ, ನಿಧಾನವಾಗಿ ಓಡಿಸಿದೆ.

ಸರೋಜ ಕೂಡ ಬೇರೆ ಕಾರು ಹತ್ತಿದ್ದಳು!