ಕಾಲು ಕಾಯುವ ಕಂಪ್ಯೂಟರ್

ನಮ್ಮ ವಾರ್ಡಿನಲ್ಲಿ ವಾರಕ್ಕೊಂದಾದರೂ ನಗುವ ಪ್ರಸಂಗ ನಡೆಯದೆ ಇರುವುದಿಲ್ಲ. ಮನೆಗೆ ಹೋಗಿ ಹೇಳಿದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಹೇಳಿ ಮುಗಿಸಿದ ನನಗೆ ಮಾತ್ರ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ.

ನಾನು ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ಹುಮನಾಬಾದಿಗೆ ಬಂದು ಒಂದು ಖಾಸಗಿ ದವಾಖಾನೆಯಲ್ಲಿ ಹೆಡ್ ಸಿಸ್ಟರ್ ಆಗಿ ದುಡಿಯುವವಳು. ಹಿಂದೊಮ್ಮೆ ಮೊಣಕಾಲು ಆಪರೇಷನ್ ಆಗಿದ್ದ ಬಟ್ಟೆ ಅಂಗಡಿಯವರೊಬ್ಬರು ಐದನೆಯ ದಿನ ಮನೆಗೆ ಹೊರಟು ನಿಂತಿದ್ದರು. ಅಷ್ಟು ದಿನ ಅಲುಗಾಡದೆ ಮಲಗಿದ್ದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದು ಮೇಲೇರಿ ಶ್ವಾಸಕೋಶಕ್ಕೆ ಸಿಕ್ಕಿಕೊಂಡಿತು. ಅವರು ಕುಸಿದಾಗ ಅವರ ಚಪ್ಪಲಿ ನನ್ನ ಕೈಯಲ್ಲಿತ್ತು. ಇನ್ನೊಬ್ಬರು ಹಾಗೆ ಹೋಗಬಾರದು ಎನ್ನುವುದೊಂದೇ ಅಂದಿನಿಂದ ನನ್ನ ಹಟ.

ಆಮೇಲೆ ಮಾಲೀಕರು ಒಂದು ಕಂಪ್ಯೂಟರ್ ವ್ಯವಸ್ಥೆ ತರಿಸಿದರು. ರೋಗಿಯ ವಯಸ್ಸು, ತೂಕ, ಆಪರೇಷನ್ ಯಾವುದು, ನಡೆಯುತ್ತಾರೋ ಇಲ್ಲವೋ, ಎಲ್ಲ ತುಂಬಿದರೆ ಅದೇ ಲೆಕ್ಕ ಹಾಕಿ, ರಕ್ತ ಹೆಪ್ಪುಗಟ್ಟುವ ಅಪಾಯವಿದ್ದವರ ಹೆಸರಿನ ಮೇಲೆ ಕೆಂಪು ಚೌಕ ತೋರಿಸುತ್ತದೆ. ಇವರಿಗೆ ಇಂಜೆಕ್ಷನ್ ಕೊಡಿ, ಇವರಿಗೆ ಬಿಗಿ ಸಾಕ್ಸ್ ಹಾಕಿ, ಇವರನ್ನು ಎಬ್ಬಿಸಿ ನಡೆಸಿ ಎನ್ನುತ್ತದೆ. ಇಡೀ ದವಾಖಾನೆಯಲ್ಲಿ ಅದನ್ನು ನೋಡಿ ಸಂತೋಷಪಟ್ಟವಳು ನಾನೊಬ್ಬಳೇ.

೧. ಎಲ್ಲರೂ ಅರವತ್ತು

ಇಂಜೆಕ್ಷನ್ ಎಷ್ಟು ಎನ್ನುವುದಕ್ಕೆ ತೂಕ ಬೇಕು. ಒಂದು ದಿನ ನೋಡುತ್ತೇನೆ, ವಾರ್ಡಿನಲ್ಲಿ ಎಲ್ಲರ ತೂಕ ಅರವತ್ತು ಕಿಲೋ. ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಬರುವ ಮಿಠಾಯಿ ಅಂಗಡಿಯವರೂ ಅರವತ್ತು, ಕೂಲಿಗೆ ಹೋಗುವ ಕಡ್ಡಿಯಂಥ ಹೆಣ್ಣುಮಗಳೂ ಅರವತ್ತು.

ಹೊಸ ನರ್ಸನ್ನು ಕರೆದು ಕೇಳಿದೆ. "ನಿಲ್ಲಾಕ ಬರಲಾರದವ್ರಿಗಿ ಹ್ಯಾಂಗ ತೂಗಬೇಕ್ರಿ ಅಕ್ಕೋರ? ಹಿಂದಿನ ಪೇಷಂಟ್‌ದು ಅರವತ್ತ ಇತ್ತು, ಅದನ್ನೇ ಹಾಕಾಕತ್ತೇನಿ" ಎಂದಳು.

ನಾನು ಹಟ ಹಿಡಿದು ಪಕ್ಕದ ಅಡತಿ ಅಂಗಡಿಯಿಂದ ತೊಗರಿ ಚೀಲ ತೂಗುವ ಕಾಟಾ ತರಿಸಿದೆ. ಕಾಲು ಮುರಿದುಕೊಂಡಿದ್ದ ಬೇಮಳಖೇಡದ ರೈತರೊಬ್ಬರನ್ನು ಕುರ್ಚಿ ಸಮೇತ ಅದರ ಮೇಲೆ ಕೂಡಿಸಿದೆವು. ಕುರ್ಚಿಯ ತೂಕ ಕಳೆದು ಐವತ್ತೆಂಟು ಎಂದು ಬರೆಯುವಷ್ಟರಲ್ಲಿ ಅವರ ಮಗ ನನ್ನ ಕೈ ತಡೆದ.

"ಸಿಸ್ಟರ್, ಎರಡ್ ಕಿಲೋ ಜಾಸ್ತಿ ಹಿಡೀರಿ. ಆ ಅಡತಿಯವನ ಕಾಟಾ ಯಾವಾಗೂ ಕಡಿಮಿನೇ ತೋರಸ್ತದ."

ಬರೆದಿದ್ದನ್ನು ಹೊಡೆದು ಹಾಕಿ ಅರವತ್ತು ಎಂದು ಬರೆದೆ.

೨. ಬಾಣಂತಿ

ಮುಡಬಿ ಕಡೆಯ ಹುಡುಗಿಗೆ ಸಿಸೇರಿಯನ್ ಆಗಿತ್ತು. ಕೆಂಪು ಚೌಕ ಬಂತು, ಎಬ್ಬಿಸಿ ನಡೆಸಿ ಎಂದಿತು. ಆಕೆಯೂ ಪಾಪ ಏಳಲು ತಯಾರಿದ್ದಳು. ಅಡ್ಡ ನಿಂತವರು ಆಕೆಯ ಅತ್ತೆ.

"ಬಾಣಂತಿ ನೆಲಕ್ಕ ಕಾಲ ಹಚ್ಚಬಾರ್ದು. ಗಾಳಿ ಹೊಕ್ಕತದ."

ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಕುತ್ತು ಬರುತ್ತದೆ ಎಂದು ತಿಳಿಸಿ ಹೇಳಿದೆ. ಅವರು ಸೊಸೆಯ ಕಿವಿಗೆ ಬಟ್ಟೆ ಇನ್ನಷ್ಟು ಬಿಗಿಯಾಗಿ ಕಟ್ಟಿದರು. ನನ್ನ ಮಾತು ಬೇಡ, ಕಂಪ್ಯೂಟರನ್ನಾದರೂ ನಂಬಲಿ ಎಂದು ಕೈ ಹಿಡಿದು ಕರೆದೊಯ್ದು ಪರದೆ ತೋರಿಸಿದೆ. "ನೋಡ್ರಿ ಅತ್ತಿಯವರ, ಇದು ಭಾಳ ಶಾಣ್ಯಾ ಅದ. ಇದೇ ಹೇಳಾಕತ್ತದ, ನಡಸ್ರಿ ಅಂತ."

ಅವರು ಕಂಪ್ಯೂಟರನ್ನು ಮೇಲಿಂದ ಕೆಳಗೆ, ಹಿಂದಿನ ವೈರಿನವರೆಗೂ ನೋಡಿದರು.

"ನಾ ಏಳ್ ಹಡದೀನಿ" ಎಂದರು. "ಇದು ಎಷ್ಟ್ ಹಡದದ?"

೩. ಸಾಕ್ಸ್

ತೊಡೆಯವರೆಗೆ ಬರುವ ಆ ಬಿಗಿ ಸಾಕ್ಸ್ ಹಾಕುವುದೆಂದರೆ ಇಬ್ಬರು ನರ್ಸುಗಳ ಬೆವರು ಇಳಿಯುವ ಕೆಲಸ. ಡಿಸೆಂಬರಿನಲ್ಲಿ ಒಬ್ಬರಿಗೆ ಅಷ್ಟು ಕಷ್ಟಪಟ್ಟು ಹಾಕಿ ಮರುದಿನ ಬಂದು ನೋಡಿದರೆ ಬರಿಗಾಲು. ಕಂಪ್ಯೂಟರಿನಲ್ಲಿ ಮಾತ್ರ "ಹಾಕಲಾಗಿದೆ" ಎಂದು ಹಸಿರು ಗುರುತು.

"ತಮ್ಮ ಹಾಕ್ಕೊಂಡ್ ಹೋಗ್ಯಾನ್ರಿ" ಎಂದರು ರೋಗಿ, ಸ್ವಲ್ಪವೂ ನಾಚಿಕೆಯಿಲ್ಲದೆ. "ಕಡ್ಲಿಗಿ ನೀರ ಬಿಡಬೇಕು, ಹೊಲದಾಗ ಭಾಳ ಥಂಡಿ ಅದ. ನಾ ಏನ್, ಹಾಸಿಗ್ಯಾಗ ಆರಾಮ ಬಿದ್ದೇನಿ."

ಅಣ್ಣತಮ್ಮಂದಿರ ಪ್ರೀತಿ ನೋಡಿ ಬೈಯಲೂ ಬಾಯಿ ಬರಲಿಲ್ಲ. ಮಧ್ಯಾಹ್ನ ತಮ್ಮ ಬಂದ. ಪ್ಯಾಂಟು ಮೊಣಕಾಲಿನವರೆಗೆ ಮಡಚಿದ್ದ, ಸಾಕ್ಸಿನ ತುಂಬ ಕೆಸರು.

"ಸಿಸ್ಟರ್, ಮಾಲ್ ಚಲೋ ಅದ್ರಿ. ಇನ್ನೊಂದ್ ಜೋಡಿ ಬರ್ದ್ ಕೊಡ್ರಿ, ಪಾಪ ಅಣ್ಣಗ ಬೇಕಾಗ್ತದ."

೪. ಮೊದಲನೇ ಸಾಲು

ಇದರಲ್ಲಿ ಬರುವ ಅಜ್ಜಿ ಕೊನೆಗೆ ಗಟ್ಟಿಯಾಗಿಯೇ ಮನೆಗೆ ಹೋದರು, ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಇದನ್ನು ಹೇಳುವ ಧೈರ್ಯ ನನಗಿಲ್ಲ.

ಕೆಂಪು ಚೌಕವನ್ನು ಸುಮ್ಮನೆ ಮುಚ್ಚಲು ಬರುವುದಿಲ್ಲ. ಯಾಕೆ ಮುಚ್ಚುತ್ತೀರಿ ಎಂದು ಕೇಳಿ ಕಾರಣಗಳ ಪಟ್ಟಿ ಕೊಡುತ್ತದೆ. ನಮ್ಮ ದೊಡ್ಡ ಡಾಕ್ಟರು ಕೈಗುಣದವರು, ಆದರೆ ಓದುವಷ್ಟು ತಾಳ್ಮೆ ಇಲ್ಲ. ಯಾವಾಗಲೂ ಮೊದಲನೇ ಸಾಲನ್ನೇ ಒತ್ತುತ್ತಿದ್ದರು. ಅಲ್ಲಿ "ರೋಗಿ ಓಡಾಡುತ್ತಿದ್ದಾರೆ" ಎಂದಿತ್ತು. ಎರಡೂ ಕಾಲಿಗೆ ಪ್ಲಾಸ್ಟರ್ ಹಾಕಿದವರೂ ಅವರ ಲೆಕ್ಕದಲ್ಲಿ ಓಡಾಡುತ್ತಿದ್ದರು. ನಾನು ಹಿಂದಿನಿಂದ ಹೋಗಿ ಒಂದೊಂದಾಗಿ ತಿದ್ದಿಸುತ್ತಿದ್ದೆ.

ಒಂದು ದಿನ ಕಂಪನಿಯವರು ಏನೋ ಸುಧಾರಣೆ ಮಾಡಿದರು. ಪಟ್ಟಿಯ ಸಾಲುಗಳು ಮೇಲೆ ಕೆಳಗೆ ಆದವು. ಈಗ ಮೊದಲನೇ ಸಾಲು: "ರೋಗಿ ಮೃತರಾಗಿದ್ದಾರೆ." ಡಾಕ್ಟರು ಸಂಜೆ ರೌಂಡ್ಸ್ ಮುಗಿಸಿ, ವಾರ್ಡಿನ ಹನ್ನೊಂದು ಚೌಕಗಳನ್ನೂ ಅದರಿಂದಲೇ ಮುಚ್ಚಿ ಚಹಾ ಕುಡಿಯಲು ಹೋದರು.

ಬೆಳಿಗ್ಗೆ ನಾನು ಬಂದಾಗ ಮ್ಯಾನೇಜರ್ ಪರದೆಯ ಮುಂದೆ ನಗುತ್ತ ನಿಂತಿದ್ದರು. "ನೋಡ್ರಿ ಸಿಸ್ಟರ್, ಒಂದೂ ಕೆಂಪು ಇಲ್ಲ! ಈ ವಾರ್ಡಿನ್ಯಾಗ ಯಾರಿಗೂ ರಿಸ್ಕ್ ಇಲ್ಲಂತ."

ಎಂಟು ಗಂಟೆಗೆ ದುಬಲಗುಂಡಿಯ ಅಜ್ಜಿಗೆ ಇಂಜೆಕ್ಷನ್ ಕೊಡಬೇಕಿತ್ತು. ಸೊಂಟದ ಮೂಳೆ ಮುರಿದು ಮಲಗಿದ್ದವರು, ಎಲ್ಲರಿಗಿಂತ ಹೆಚ್ಚು ಅಪಾಯ ಅವರಿಗೇ. ವಾರ್ಡಿನ ಕಪಾಟಿನಲ್ಲಿ ಒಂದೂ ಉಳಿದಿರಲಿಲ್ಲ. ಕೆಳಗಿನ ಮೆಡಿಕಲ್‌ಗೆ ಓಡಿದೆ.

"ಸತ್ತವ್ರ ಹೆಸರಿನ್ಯಾಗ ಔಷಧ ಹ್ಯಾಂಗ ಕೊಡ್ಲಿ ಸಿಸ್ಟರ್?" ಎಂದ ಮೆಡಿಕಲ್‌ನವನು. "ನಾ ಕೊಟ್ರೂ ಕಂಪ್ಯೂಟರ್ ತಗೋವಲ್ದು."

"ಮ್ಯಾಲ ಬಂದು ನೋಡಪಾ, ಎಲ್ಲಾರೂ ಉಪ್ಪಿಟ್ಟ ತಿನ್ನಾಕತ್ತಾರ!"

"ಬದುಕಸೂ ಬಟನ್ ಇದ್ರಾಗಿಲ್ರಿ. ಹೊಸಾ ಅಡ್ಮಿಷನ್ ಮಾಡ್ರಿ. ಫೋಟೋ ತೆಗೀಬೇಕು, ಪೇಷಂಟ್ ಖುದ್ದ್ ಬರಬೇಕು."

ಡಾಕ್ಟರು ಆಪರೇಷನ್ ಥಿಯೇಟರ್ ಸೇರಿಯಾಗಿತ್ತು. ನಾನು ವಾರ್ಡಿಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಬ್ಬಾ, ಆ ಗುಲ್ಲು! ದಿನಾ ನಾಲ್ಕು ಹೆಜ್ಜೆ ಹಾಕಿರೆಂದು ಕೈ ಮುಗಿದು ಬೇಡಿದರೂ ಏಳದಿದ್ದ ಹತ್ತು ಮಂದಿ, ಸತ್ತಿದ್ದೀರಿ ಎಂದ ಕೂಡಲೇ ವಾಕರ್ ಹಿಡಿದು, ಗೋಡೆ ಹಿಡಿದು, ಅಡ್ಮಿಷನ್ ಕೌಂಟರಿಗೆ ನಡೆದೇಬಿಟ್ಟರು. ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ.

ಅಜ್ಜಿಯನ್ನು ಮಾತ್ರ ಮಂಚದ ಸಮೇತ ತಳ್ಳಿಕೊಂಡು ಹೋದೆವು. ಒಂಬತ್ತೂವರೆ ಆಗಿತ್ತು. ಅವರ ಕಾಲು ಊದಿದೆಯೇ ಎಂದು ದಾರಿಯುದ್ದಕ್ಕೂ ಮುಟ್ಟಿ ನೋಡುತ್ತಿದ್ದೆ. ಸಾಲಿನಲ್ಲಿದ್ದವರು ಅಜ್ಜಿಗೆ ದಾರಿ ಬಿಟ್ಟರು. ಕೌಂಟರಿನ ಹುಡುಗಿ ತಲೆ ಎತ್ತದೆ ಹೆಸರು ಕೇಳಿದಳು, ಊರು ಕೇಳಿದಳು, ಮುಂದಿನ ಖಾನೆಗೆ ಬಂದಳು.

"ಆಯಿ, ಮೊದಲ ಯಾವಾಗರ ಈ ದವಾಖಾನಿಗಿ ಬಂದಿದ್ದಿರೇನು?"

ಅಜ್ಜಿ ಮಂಚದ ಮೇಲಿಂದಲೇ ಸಮಾಧಾನವಾಗಿ ಹೇಳಿದರು:

"ಬಂದಿದ್ದೆ ಯವ್ವಾ. ನಿನ್ನಿ ಸಂಜಿಕ ಇಲ್ಲೇ ಸತ್ತಿದ್ದೆ."