ನಾಲ್ಕರ ಮೇಲೆ ವನ್ಯಜೀವಿಗಳಿಗೆ ಮಾತ್ರ

ಬಂಡ್ರಹಟ್ಟಿ ಸಮುದಾಯ ವನ್ಯಜೀವಿ ಸಂರಕ್ಷಣಾ ಪ್ರದೇಶದಲ್ಲಿ ಸಫಾರಿ ಆರಂಭವಾಗಿ ಎಪ್ಪತ್ತೊಂದು ದಿನಗಳು ಕಳೆದಿದ್ದು, ಈ ಅವಧಿಯಲ್ಲಿ ಯಾವ ಪ್ರಾಣಿಯೂ ಪ್ರವಾಸಿಗರಿಗೆ ಕಾಣಿಸಿಕೊಂಡು ತೊಂದರೆ ಕೊಟ್ಟಿರಲಿಲ್ಲ.

ಇಂಥ ಶಿಸ್ತು ಕೂಡ್ಲಿಗಿ ತಾಲೂಕಿಗೇ ಮೊದಲು. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ನಾಲ್ಕೂ ಸೇರಿಸಿ ಜರಡಿ ಹಿಡಿದರೂ ಇಷ್ಟು ಶಿಸ್ತಿನ ಗುಡ್ಡ ಸಿಗುವುದಿಲ್ಲ. ಬೇರೆ ಸೀಮೆಯಲ್ಲಿ ಹುಲಿ, ಆನೆ ಅಂತ ಬಂದು ರಸ್ತೆಗೆ ಅಡ್ಡ ನಿಲ್ಲುತ್ತವಂತೆ. ನಮ್ಮ ಕಡೆ ಕರಡಿಗೆ ಮಾನ ಮರ್ಯಾದೆ ಉಂಟು.

ಕರಿಗುಡ್ಡದ ಮುನ್ನೂರು ಎಕರೆಯನ್ನು ಊರವರೇ ಕಾಯಬೇಕು, ಸಫಾರಿಯ ದುಡ್ಡಿನಲ್ಲಿ ಊರೂ ಗುಡ್ಡವೂ ಉದ್ಧಾರವಾಗಬೇಕು ಎಂಬುದು ಯೋಜನೆ. ಅದಕ್ಕೊಂದು ಸಮಿತಿ. ಶೇಂಗಾ ವ್ಯಾಪಾರಿ ಪಂಚಾಕ್ಷರಪ್ಪನವರು ಅಧ್ಯಕ್ಷರು, ಏಕೆಂದರೆ ಸಭೆ ನಡೆಯುವ ಕುರ್ಚಿಗಳು ಅವರವು. ಕೊಟ್ರಸ್ವಾಮಿ ಕಾರ್ಯದರ್ಶಿ, ಏಕೆಂದರೆ ಅವನ ಅಕ್ಷರ ದುಂಡಗಿತ್ತು. ಜೀಪು ಕೂಡ್ಲಿಗಿಯ ಮೆಕ್ಯಾನಿಕ್ ಇಶ್ತಿಯಾಕನದು. ಮೊನ್ನೆಮೊನ್ನೆಯವರೆಗೆ ಸಂತೆಗೆ ಉಳ್ಳಾಗಡ್ಡಿ ಹೊರುತ್ತಿದ್ದ ಅದಕ್ಕೆ ಹಸಿರು ಬಣ್ಣ ಬಳಿದ ಮೇಲೆ ಅದು ಸಫಾರಿ ವಾಹನವಾಯಿತು. ಅದು ಸ್ಟಾರ್ಟ್ ಆದರೆ ಚಿತ್ರದುರ್ಗದಲ್ಲಿ ತೊಟ್ಟಿಲೊಳಗಿನ ಕೂಸು ಎದ್ದು ಅಳುತ್ತಿತ್ತು.

ಸಮಿತಿ ತನ್ನ ಕಡೆಯಿಂದ ಯಾವ ಕೊರತೆಯನ್ನೂ ಮಾಡಲಿಲ್ಲ. ಪ್ರಾಣಿಗಳು ಚೆನ್ನಾಗಿ ಕಾಣಲಿ ಎಂದು ಕವಳೆ ಮತ್ತು ಬಾರಿ ಪೊದೆಗಳನ್ನು ಸವರಿಸಿತು. ಜೀಪು ಕುಲುಕಾಡಬಾರದೆಂದು ನಲವತ್ತು ಹುತ್ತಗಳನ್ನು ಕೆಡವಿ ದಾರಿ ಸಮ ಮಾಡಿಸಿತು. ಕರಡಿ ಮಲಗುವ ಗವಿಯ ಬಾಯಿಗೆ ಹಳದಿ ಬಣ್ಣದಲ್ಲಿ ‘ಕರಡಿ ವಿಶ್ರಾಂತಿ ಗೃಹ’ ಎಂದು ಬರೆಸಿ, ಬಾಣದ ಗುರುತೂ ಹಾಕಿಸಿತು. ಬಣ್ಣ ಒಣಗುವ ಮೊದಲೇ ಕರಡಿ ಗುಡ್ಡ ಬಿಟ್ಟಿತು.

ಬಿಟ್ಟು ದೂರವೇನೂ ಹೋಗಲಿಲ್ಲ. ಗುಡ್ಡದ ಬುಡದಲ್ಲೇ ಎರ್ರಮ್ಮನ ಎರಡೆಕರೆ ಶೇಂಗಾ ಹೊಲ. ಬದುವಿನ ತುಂಬ ಸೀತಾಫಲ. ನಡುವೆ ಬೆಳೆ ಕಾಯುವ ಅಟ್ಟ, ಪಕ್ಕದಲ್ಲೇ ಒಂದು ಹುತ್ತ. ವರ್ಷಕ್ಕೊಮ್ಮೆ ಹುತ್ತಕ್ಕೆ ಹಾಲೆರೆಯುವ ಎರ್ರಮ್ಮ, ಕೆಡವಲು ಬಂದ ಸಮಿತಿಯವರನ್ನು ಕುಡುಗೋಲು ತೋರಿಸಿ ವಾಪಸು ಕಳಿಸಿದ್ದಳು. ಆದ್ದರಿಂದ ಕರಡಿಗೆ ತಿನ್ನಲು ಗೆದ್ದಲು ಉಳಿದ ಜಾಗ ಇಡೀ ಸೀಮೆಯಲ್ಲಿ ಅದೊಂದೇ. ಕರಡಿ ದಿನಾ ನಾಲ್ಕೂವರೆಗೆ ಸರಿಯಾಗಿ ಅಲ್ಲಿಗೆ ಬರುತ್ತಿತ್ತು. ತಾಲೂಕಿನ ಕಚೇರಿಗಳಲ್ಲಿ ಇಷ್ಟು ಸಮಯಪಾಲನೆ ಇದ್ದಿದ್ದರೆ ಇಷ್ಟೊತ್ತಿಗೆ ಊರಿಗೆ ರೈಲು ಬಂದಿರುತ್ತಿತ್ತು.

ಪ್ರವಾಸಿಗರು ಜೀಪಿನಲ್ಲಿ ಗುಡ್ಡ ಸುತ್ತಿ ಏನೂ ಕಾಣದೆ ಇಳಿದು, ಹೋಗುವಾಗ ಬೇಲಿಯಾಚೆ ಕರಡಿಯನ್ನು ಪುಕ್ಕಟೆ ನೋಡಿಕೊಂಡು ಹೋಗತೊಡಗಿದರು. ಇದನ್ನು ಸಮಿತಿ ಗಂಭೀರವಾಗಿ ಪರಿಗಣಿಸಿತು.

“ಕೊಟ್ರಸ್ವಾಮಿ, ನಿಮ್ಮತ್ತಿ ಹೊಲ ನಮ್ಮ ಪ್ರದೇಶಕ್ಕ ಸೇರಿಸ್ಬೇಕಾಗೇತಿ,” ಎಂದರು ಪಂಚಾಕ್ಷರಪ್ಪ.

“ಆಕಿ ಬಿಡಂಗಿಲ್ರಿ.”

“ಹೊಲ ಆಕೀದ ಇರ್ಲಪ, ನಾವೇನು ಕಸಗೊಂತೀವೇನು? ಬೆಳಿ ಆಕೀದು, ಬೇಲಿ ಆಕೀದು. ಸಂಜಿ ನಾಕರ ಮ್ಯಾಲಿನ ಹೊತ್ತು ಅಷ್ಟ ಸಮಿತೀದು.”

ಠರಾವು ಸರ್ವಾನುಮತದಿಂದ ಪಾಸಾಯಿತು. ಎರ್ರಮ್ಮ ಆಗ ಕಳೆ ತೆಗೆಯುತ್ತಿದ್ದರಿಂದ ಸಭೆಗೆ ಬಂದಿರಲಿಲ್ಲ. ಮರುದಿನ ಅವಳ ಹೊಲದ ಮುಂದೆ ಒಂದು ಬೋರ್ಡು ನಿಂತಿತು. ಕೊಟ್ರಸ್ವಾಮಿಯದೇ ದುಂಡಕ್ಷರ:

‘ಪ್ರಕಟಣೆ: ಸಂಜೆ ನಾಲ್ಕು ಗಂಟೆಯ ನಂತರ ಈ ಪ್ರದೇಶದೊಳಗೆ ಸಿಬ್ಬಂದಿ, ಟಿಕೆಟ್ ಪಡೆದ ಪ್ರವಾಸಿಗರು ಹಾಗೂ ವನ್ಯಜೀವಿಗಳಿಗೆ ಮಾತ್ರ ಅವಕಾಶ. ಇತರೆ ಮನುಷ್ಯರು ಕಂಡುಬಂದಲ್ಲಿ ಪ್ರದೇಶದ ಮಾನ್ಯತೆ ರದ್ದಾಗುವುದು.’

ಎರ್ರಮ್ಮ ಕೊಟ್ರಸ್ವಾಮಿಗೆ ಸೋದರತ್ತೆಯೂ ಹೌದು, ಹೆಣ್ಣು ಕೊಟ್ಟ ಅತ್ತೆಯೂ ಹೌದು. ಹೀಗಾಗಿ ಅವನನ್ನು ಬೈಯಲು ಅವಳಿಗೆ ಎರಡು ಕಡೆಯಿಂದ ಅಧಿಕಾರವಿತ್ತು.

“ಲೇ ಕೊಟ್ರ, ಇನ್ನ ಇಪ್ಪತ್ತು ದಿನಕ್ಕ ಶೇಂಗಾ ಕೀಳಾಕ ಬರ್ತಾವು. ಹಂದಿ ಬರೋದ ಸಂಜಿ ಮುಂದ. ಆ ಹೊತ್ತಿಗೆ ನಾನು ಅಟ್ಟದ ಮ್ಯಾಗ ಇರ್ಲಿಲ್ಲಂದ್ರ ನಿಮ್ಮ ಸಮಿತಿ ಬಂದು ಕಾಯ್ತೈತೇನು?”

“ಸಿಬ್ಬಂದಿ ಅಂತ ಮಾಡ್ಬೇಕಂದ್ರ ಹತ್ತನೇ ಕ್ಲಾಸ್ ಪಾಸಾಗಿರ್ಬೇಕು ಅತ್ತಿ. ಅರವತ್ತರ ಒಳಗಿರ್ಬೇಕು.”

“ಮತ್ತ?”

“ಟಿಕೆಟ್ ತಗೋಬೌದು. ಸಂಜಿಗೆ ಮುನ್ನೂರೈವತ್ತು.”

ಎರ್ರಮ್ಮ ಕವಣೆಗೆ ಕಲ್ಲು ಹಾಕತೊಡಗಿದ್ದನ್ನು ಕಂಡು ಕೊಟ್ರಸ್ವಾಮಿ ಸಮಾಲೋಚನೆಯನ್ನು ಮುಂದೂಡಿದ.

ಮನೆಗೆ ಬಂದರೆ ಹೆಂಡತಿ ಶೈಲಾ ಒಲೆ ಆರಿಸಿ ಕೂತಿದ್ದಳು. “ನಮ್ಮವ್ವನ ಶೇಂಗಾ ಹಂದಿ ಪಾಲಾದ್ರ ನೀವು ಈ ಮನಿಗೆ ಬರಬ್ಯಾಡ್ರಿ,” ಎಂದಳು ಶಾಂತವಾಗಿ. “ಗುಡ್ಡದ ಮ್ಯಾಗ ವಿಶ್ರಾಂತಿ ಗೃಹ ಖಾಲಿ ಐತಂತ. ಬಾಣದ ಗುರುತೂ ಐತಿ.”

ಇತ್ತ ಅತ್ತೆಯನ್ನು ಅಟ್ಟ ಹತ್ತಲು ಬಿಟ್ಟರೆ ಮಾನ್ಯತೆ ಹೋಗುತ್ತದೆ. ಪರಿಶೀಲನೆಗೆ ಮಾನ್ಯತೆ ಕೊಡುವ ಮಂಡಳಿಯ ಅಧಿಕಾರಿ ಮುಂದಿನ ವಾರವೇ ಬರುವವರಿದ್ದರು. ಬಿಡದಿದ್ದರೆ ಬೆಳೆ ಹೋಗುತ್ತದೆ, ಬೆಳೆಯ ಹಿಂದೆ ಮನೆಯೂ. ಕೊಟ್ರಸ್ವಾಮಿ ಸಮಿತಿಯ ಬೈಲಾ ತೆಗೆದು ಮೊದಲ ಸಲ ಓದಿದ. ಬರೆದವನು ಅವನೇ ಆದ್ದರಿಂದ ಇದುವರೆಗೆ ಓದುವ ಪ್ರಸಂಗ ಬಂದಿರಲಿಲ್ಲ. ಪಂಚಾಕ್ಷರಪ್ಪನವರ ಶೇಂಗಾ ಅಂಗಡಿಯಲ್ಲಿ, ಗಿರಾಕಿಗಳ ನಡುವೆ, ಅವರು ಹೇಳಿದಂತೆ ಇವನು ಬರೆದ ಏಳನೇ ಕಲಮು ಹೀಗಿತ್ತು: ‘ವನ್ಯಜೀವಿ ಎಂದರೆ ಪ್ರದೇಶದೊಳಗೆ ಕಾಯಂ ಓಡಾಡುವ, ಟಿಕೆಟ್ ಪಡೆಯದ, ಸಂಬಳ ಕೇಳದ ಯಾವುದೇ ಜೀವಿ.’

ಅವನು ಅದನ್ನು ಮೂರು ಸಲ ಓದಿದ. ಮೂರು ಸಲವೂ ಅತ್ತೆಯ ಮುಖವೇ ಕಣ್ಣ ಮುಂದೆ ಬಂತು.

“ಅಂದ್ರ ನನ್ನ ಪ್ರಾಣಿ ಅಂತ ಬರ್ಕಂತೀಯೇನ್ಲೇ?” ಎಂದಳು ಎರ್ರಮ್ಮ.

“ರಿಜಿಸ್ಟರ್‌ನಾಗ ಅಷ್ಟ ಅತ್ತಿ. ಮನ್ಯಾಗ ನೀನು ಅತ್ತೀನ.”

ಎರ್ರಮ್ಮ ಹುತ್ತದ ಕಡೆ ನೋಡಿದಳು. ಕರಡಿ ಬೆನ್ನು ತಿರುಗಿಸಿಕೊಂಡು ಕೂತಿತ್ತು.

“ಅದು ಎಲ್ಲಿ ಕುಂತ್ರೂ ನೀವು ಕೇಳಂಗಿಲ್ಲೇನು?”

“ಕೇಳಂಗಿಲ್ಲ.”

“ಏನು ತಿಂದ್ರೂ?”

“ಕೇಳಂಗಿಲ್ಲ.”

“ಬೋರ್ಡು ಕಿತ್ತು ಒಗದ್ರ?”

“ಪ್ರಾಣಿ ಅಂತ ಬಿಡ್ತೀವಿ.”

“ಹಂಗಾರ ಬರ್ಕ,” ಎಂದು ಎರ್ರಮ್ಮ ಅಟ್ಟ ಹತ್ತಿದಳು.

ಕೊಟ್ರಸ್ವಾಮಿ ನಮೂನೆ ಭರ್ತಿ ಮಾಡಿದ. ಹೆಸರು: ಎರ್ರಮ್ಮ. ಲಿಂಗ: ಹೆಣ್ಣು. ಆಹಾರ: ಜೋಳದ ರೊಟ್ಟಿ, ಪುಂಡಿಪಲ್ಯ, ಸೋಮವಾರ ಏನೂ ಇಲ್ಲ. ಗುರುತು: ಎರಡೂ ಕೈಗೆ ಹಸಿರು ಬಳೆ. ಕೂಗು: ದೊಡ್ಡದು. ಮನುಷ್ಯರ ಮೇಲೆ ದಾಳಿ ಮಾಡಿದ ಉದಾಹರಣೆ: ಅಳಿಯನ ಮೇಲೆ, ಪದೇ ಪದೇ, ಬಾಯಿಂದ.

ಪರಿಶೀಲನೆಯ ದಿನ ಸಮುದಾಯ ಸಂರಕ್ಷಣಾ ಮಾನ್ಯತಾ ಮಂಡಳಿಯ ಶಾಂತಕುಮಾರಿ ಮೇಡಂ ಬಂದರು. ಕನ್ನಡಕದ ಹಿಂದಿನ ಅವರ ಕಣ್ಣು ಎಂಥ ಕಡತವನ್ನೂ ಎರಡು ಸಲ ಬಿಚ್ಚಿಸುವಂಥದ್ದು. ಇಶ್ತಿಯಾಕ ಗುಡ್ಡದ ಮೇಲೆಲ್ಲ ತಿರುಗಿಸಿದ. ಒಂದು ಓತಿಕ್ಯಾತವೂ ಸಿಗಲಿಲ್ಲ. “ಬೇಕಂದ್ರ ಇನ್ನೊಂದ್ಸಲ ಹಾರ್ನ್ ಹೊಡೀತೀನ್ರಿ ಮೇಡಂ, ಹೊರಗ ಬಂದ್ರೂ ಬರ್ತಾವು,” ಎಂದ. ಬೇಡವೆಂದರು.

ನಾಲ್ಕೂ ನಲವತ್ತಕ್ಕೆ ಜೀಪು ಎರ್ರಮ್ಮನ ಹೊಲದ ಮುಂದೆ ನಿಂತಿತು. ಅಂದು ಕರಡಿಗೆ ರಜೆಯೋ ಏನೋ, ಬಂದಿರಲಿಲ್ಲ. ಅಟ್ಟದ ಮೇಲೆ ಎರ್ರಮ್ಮ ಮಾತ್ರ ಕೂತು ಹಂದಿ ಬಂದ ದಿಕ್ಕಿಗೆ ಕವಣೆ ಬೀಸುತ್ತಿದ್ದಳು. ಒಂದು ಕಲ್ಲು ಜೀಪಿನ ಬಾನೆಟ್ಟಿಗೂ ಬಡಿಯಿತು.

“ಕಾರ್ಯದರ್ಶಿಗಳೇ, ನಾಲ್ಕು ಗಂಟೆಯ ನಂತರ ಅಲ್ಲೊಬ್ಬರು ಹೆಂಗಸು ಇದ್ದಾರೆ,” ಎಂದರು ಮೇಡಂ, ಪೆನ್ನಿನ ಮುಚ್ಚಳ ತೆಗೆಯುತ್ತಾ.

ಪಂಚಾಕ್ಷರಪ್ಪನವರ ಹಣೆಯಲ್ಲಿ ವಿಭೂತಿ ಕರಗತೊಡಗಿತು. ಕೊಟ್ರಸ್ವಾಮಿ ರಿಜಿಸ್ಟರ್ ಬಿಚ್ಚಿ ಮುಂದೆ ಹಿಡಿದ. “ಹೆಂಗಸಲ್ರಿ ಮೇಡಂ. ಕ್ರಮ ಸಂಖ್ಯೆ ಒಂಬತ್ತು.”

ಮೇಡಂ ಓದಿದರು. ಬೈಲಾದ ಏಳನೇ ಕಲಮು ಕೇಳಿ ತರಿಸಿಕೊಂಡು ಓದಿದರು. ಮತ್ತೆ ಅಟ್ಟದ ಕಡೆ ನೋಡಿದರು. ಶೈಲಾಳ ಆರಿದ ಒಲೆ ಒಂದೇ ಕೊಟ್ರಸ್ವಾಮಿಯ ಕಣ್ಣಿಗೆ ಕಟ್ಟಿತ್ತು.

“ಜೋಡಿ ಇದೆಯಾ?” ಎಂದು ಕೇಳಿದರು.

“ತೀರಿಕೊಂಡು ಹನ್ನೆರಡು ವರ್ಷಾತ್ರಿ.”

“ಮರಿ?”

“ಒಂದೈತ್ರಿ. ನಮ್ಮ ಮನ್ಯಾಗ ಅದಾಳ್ರಿ.”

“ಪ್ರದೇಶದಿಂದ ಹೊರಗೆ ಹೇಗೆ ಹೋಯಿತು?”

“ಮದುವಿ ಮಾಡಿ ಕೊಟ್ರು ಮೇಡಂ.”

“ವಲಸೆ ಅಂತ ನಮೂದಿಸಬೇಕಿತ್ತು,” ಎಂದು ಮೇಡಂ ತಾವೇ ತಿದ್ದಿದರು. ಷರಾದಲ್ಲಿ ಬರೆದರು: ‘ಸ್ಥಳ ಪರಿಶೀಲಿಸಲಾಯಿತು. ಒಂದು ವನ್ಯಜೀವಿ ಖುದ್ದಾಗಿ ಕಂಡುಬಂತು. ಆರೋಗ್ಯವಾಗಿದೆ. ಪ್ರವಾಸಿಗರನ್ನು ಕಂಡು ಹೆದರುವುದಿಲ್ಲ. ಮಾನ್ಯತೆ ಮುಂದುವರಿಸಲು ಶಿಫಾರಸು ಮಾಡಿದೆ.’

ಎಪ್ಪತ್ತೊಂದು ದಿನದ ಮೇಲೆ ಸಫಾರಿಯಲ್ಲಿ ಮೊದಲ ಪ್ರಾಣಿ ಕಂಡಿತ್ತು. ಪಂಚಾಕ್ಷರಪ್ಪನವರು ಎಲ್ಲರಿಗೂ ಮಂಡಕ್ಕಿ ಮಿರ್ಚಿ ಕೊಡಿಸಿದರು.

ಶೇಂಗಾ ಹಂದಿಗೆ ಸಿಗಲಿಲ್ಲ. ಕೊಟ್ರಸ್ವಾಮಿ ಕೊಟ್ಟ ಲಿಖಿತ ಸಲಹೆಯಂತೆ ಎರ್ರಮ್ಮ ಅಷ್ಟೂ ಬೆಳೆಯನ್ನು ಸಂಜೆ ನಾಲ್ಕರ ಮೇಲೆಯೇ ಕಿತ್ತಳು. ಆಮೇಲೆ ವನ್ಯಜೀವಿ ಹಾವಳಿಯಿಂದ ಎರಡೆಕರೆ ಖಾಲಿಯಾಗಿದೆ ಎಂದು ಪರಿಹಾರಕ್ಕೆ ಅರ್ಜಿ ಹೋಯಿತು. ಶಾಂತಕುಮಾರಿ ಮೇಡಂ ಫೋನ್ ಮಾಡಿದರು.

“ಬೆಳೆ ತೆಗೆದುಕೊಂಡು ಹೋದ ಪ್ರಾಣಿ ಯಾವುದು?”

“ಎರ್ರಮ್ಮ ರೀ.”

“ಹೊಲದ ಒಡೆಯರು?”

“ಎರ್ರಮ್ಮ ರೀ.”

“ಇಬ್ಬರೂ ಒಂದೇನಾ?”

“ಅಲ್ರಿ ಮೇಡಂ. ನಾಕರ ತನಕ ಒಬ್ರು, ನಾಕರ ಮ್ಯಾಲ ಒಬ್ರು.”

ಆ ಕಡೆ ಕಾಗದ ಮಗುಚುವ ಸದ್ದು ಕೇಳಿತು. “ಸರಿ, ಹಾಗಿದ್ದರೆ ನಿಯಮದಲ್ಲಿ ಅಡ್ಡಿಯಿಲ್ಲ,” ಎಂದರು. ಪರಿಹಾರ ಹನ್ನೊಂದೇ ದಿನದಲ್ಲಿ ಮಂಜೂರಾಯಿತು. ಶೈಲಾ ಒಲೆ ಹಚ್ಚಿದಳು.

ಸುದ್ದಿ ಊರಲ್ಲಿ ಹರಡಲು ಸಮಿತಿ ಡಂಗುರ ಸಾರಬೇಕಾಗಲಿಲ್ಲ. ಮರುದಿನವೇ ಗುಡ್ಡದ ಸುತ್ತ ಹೊಲವಿದ್ದವರೆಲ್ಲ ತಮ್ಮ ಜಮೀನನ್ನು ತಾವಾಗಿ ಪ್ರದೇಶಕ್ಕೆ ಸೇರಿಸಿಕೊಟ್ಟು, ಫೋಟೋ ಸಮೇತ ಅರ್ಜಿ ಹಾಕಿದರು. ಮೊದಲ ಅರ್ಜಿ ಪಂಚಾಕ್ಷರಪ್ಪನವರದು. ಅಧ್ಯಕ್ಷರಾದ್ದರಿಂದ ‘ಅಪರೂಪದ’ ಎಂಬ ಕಾಲಮಿನಲ್ಲಿ ಸೇರಿಸಲು ಕೇಳಿಕೊಂಡಿದ್ದರು. ಇಶ್ತಿಯಾಕನಿಗೆ ಹೊಲವಿರಲಿಲ್ಲ. “ನಾನು ದಿನಾ ಪ್ರದೇಶದಾಗ ಓಡಾಡ್ತೀನಿ, ಟಿಕೆಟ್ಟಿಲ್ಲ, ಮೂರು ತಿಂಗಳಾತು ಸಂಬಳ ಕೇಳಿಲ್ಲ ಭಾಯಿ,” ಎಂದು ಏಳನೇ ಕಲಮನ್ನೇ ಬಾಯಿಪಾಠ ಒಪ್ಪಿಸಿದ. ಅವನಷ್ಟು ಅರ್ಹ ಅರ್ಜಿದಾರ ಇನ್ನೊಬ್ಬನಿರಲಿಲ್ಲ. ಈಗ ಜೀಪನ್ನು ವನ್ಯಜೀವಿಯೇ ಓಡಿಸುತ್ತದೆ.

ವರ್ಷದ ಗಣತಿಯಲ್ಲಿ ಬಂಡ್ರಹಟ್ಟಿಯ ವನ್ಯಜೀವಿಗಳ ಸಂಖ್ಯೆ ಎಂಟರಿಂದ ಇನ್ನೂರ ಹದಿನಾಲ್ಕಕ್ಕೆ ಏರಿತು. ಸಂರಕ್ಷಣೆಯಲ್ಲಿ ಇಂಥ ಸಾಧನೆ ಎಲ್ಲೂ ಆಗಿಲ್ಲವೆಂದು ಮಂಡಳಿ ಶಾಲು ಹೊದಿಸಿತು. ಪ್ರವಾಸಿಗರಿಗೂ ದೂರಿಲ್ಲ. ಈಗ ಯಾವ ಸಂಜೆ ಬಂದರೂ ನೂರಕ್ಕೆ ಕಮ್ಮಿ ಕಾಣುವುದಿಲ್ಲ. ಕೆಲವು ಹಿಂಡುಹಿಂಡಾಗಿ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುವುದನ್ನು ಹತ್ತಿರದಿಂದಲೇ ನೋಡಬಹುದು.

ಕೊಟ್ರಸ್ವಾಮಿ ಒಬ್ಬನೇ ಮನುಷ್ಯನಾಗಿ ಉಳಿದಿದ್ದಾನೆ. ಅರ್ಜಿಗಳಿಗೆ ಸಹಿ ಹಾಕಲು ಒಬ್ಬರಾದರೂ ಬೇಕಲ್ಲ. ಸಂಬಳವಿಲ್ಲದ ಕಾರ್ಯದರ್ಶಿ ಸಿಬ್ಬಂದಿಯ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ, ಸಂಜೆ ಅತ್ತೆಗೆ ಚಹಾ ಒಯ್ಯಬೇಕಾದರೂ ಟಿಕೆಟ್ ಹರಿಸಿಯೇ ಜೀಪು ಹತ್ತುತ್ತಾನೆ. ಊರವರಿಗೆ ಅವನ ಮೇಲೆ ಕನಿಕರ. ಅವನು ಹಾದು ಹೋಗುವಾಗ ಗಾಬರಿಯಾಗದಿರಲಿ ಎಂದು ಎಲ್ಲರೂ ಮಾತು ನಿಲ್ಲಿಸಿ, ಇದ್ದಲ್ಲೇ ಅಲುಗಾಡದೆ ನಿಲ್ಲುತ್ತಾರೆ.